ಸ್ಮಾರಕ, ಸಂಬಳ, ಮಕ್ಕಳ ಮರಣ: ಕೀನ್ಯಾದ ಲ್ವಾಲಾ ಚಿಕಿತ್ಸಾಲಯದ ಒಂದು ಪರಿಶೀಲನೆ

ಪಶ್ಚಿಮ ಕೀನ್ಯಾದ ಮಿಗೋರಿ ಕೌಂಟಿಗೆ ಸೇರಿದ ಲ್ವಾಲಾ, ಲುವೊ ಭಾಷಿಕರ ಒಂದು ಹಳ್ಳಿ. ಅಲ್ಲಿ 2007ರಲ್ಲಿ ಬಾಗಿಲು ತೆರೆದ ಚಿಕಿತ್ಸಾಲಯದ ಚರಿತ್ರೆಯನ್ನು ಒಂದು ಕುಟುಂಬದ ಕಥೆಯಾಗಿ ಹೇಳುವುದೇ ರೂಢಿ. ಊರಿನ ಹುಡುಗ ಮಿಲ್ಟನ್ ಓಚಿಯೆಂಗ್‌ಗೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೀಟು ಸಿಕ್ಕಾಗ ವಿಮಾನದ ಟಿಕೆಟ್ಟಿಗೆ ಹಣವಿರಲಿಲ್ಲ. ಊರವರು ಕೋಳಿ, ಆಡು, ಹಸು ಮಾರಿ 900 ಡಾಲರ್ ಕೂಡಿಸಿಕೊಟ್ಟರು. ಮುಂದೆ ಅವನೂ ತಮ್ಮ ಫ್ರೆಡ್ಡನೂ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದತೊಡಗಿದರು. 2004ರಲ್ಲಿ ತಾಯಿ, 2005ರಲ್ಲಿ ಶಾಲಾಮಾಸ್ತರರಾಗಿದ್ದ ತಂದೆ ಎರಾಸ್ಟಸ್, ಇಬ್ಬರೂ ಏಡ್ಸ್‌ನಿಂದ ತೀರಿಕೊಂಡರು. ತಂದೆ ಕಂಡಿದ್ದ ಚಿಕಿತ್ಸಾಲಯದ ಕನಸನ್ನು ಓದು ಮುಗಿಯುವ ಮೊದಲೇ ಮಕ್ಕಳು ಪೂರೈಸಿದರು. ಬ್ಯಾರಿ ಸಿಮನ್ಸ್ 2008ರಲ್ಲಿ ತಯಾರಿಸಿದ ‘ಸನ್ಸ್ ಆಫ್ ಲ್ವಾಲಾ’ ಸಾಕ್ಷ್ಯಚಿತ್ರದ ವಸ್ತುವೂ ಇದೇ.

ಈ ಕಥೆ ನಿಜ. ಆದರೆ ಚಿಕಿತ್ಸಾಲಯ ಹುಟ್ಟಿದ್ದನ್ನು ವಿವರಿಸುವಷ್ಟು ಚೆನ್ನಾಗಿ ಅದು ಉಳಿದು ಬೆಳೆದದ್ದನ್ನು ವಿವರಿಸುವುದಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಸಾವಿನ ಸಾಮಾಜಿಕ ಅರ್ಥವನ್ನು ನೋಡಬೇಕು. ಲುವೊ ಸಮಾಜದಲ್ಲಿ ಸತ್ತವರು ಯಾರಿಗೆ ಸೇರಿದವರು, ಎಲ್ಲಿ ಮಣ್ಣಾಗಬೇಕು ಎಂಬುದು ಮನೆಯೊಳಗಿನ ವಿಚಾರವಾಗಿ ಉಳಿಯುವುದಿಲ್ಲ. 1986ರ ಡಿಸೆಂಬರಿನಲ್ಲಿ ತೀರಿಕೊಂಡ ನೈರೋಬಿಯ ವಕೀಲ ಎಸ್. ಎಂ. ಓಟಿಯೆನೊ ಅವರ ಶವಕ್ಕಾಗಿ ಪತ್ನಿಗೂ ಕುಲದವರಿಗೂ ತಿಂಗಳುಗಟ್ಟಲೆ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದು, 1987ರ ಮೇ ತಿಂಗಳಲ್ಲಷ್ಟೇ ಹುಟ್ಟೂರಿನಲ್ಲಿ ಅಂತ್ಯಕ್ರಿಯೆಯಾಯಿತು. ಡೇವಿಡ್ ಕೊಹೆನ್ ಮತ್ತು ಅಟಿಯೆನೊ ಒಧಿಯಾಂಬೊ ಇದರ ಮೇಲೆಯೇ ಒಂದು ಗ್ರಂಥ ಬರೆದಿದ್ದಾರೆ. ಇಂಥ ಕಡೆ ಏಡ್ಸ್ ಸಾವು ಇನ್ನಷ್ಟು ಜಟಿಲ. ದೇಹ ಸೊರಗಿ ಸಾಯುವ ಕಾಯಿಲೆಯನ್ನು ‘ಚಿರಾ’ ಎಂದು, ಅಂದರೆ ಕಟ್ಟುಕಟ್ಟಳೆ ಮೀರಿದ್ದರ ಫಲವೆಂದು ಭಾವಿಸುವುದು ಅಲ್ಲಿ ಸಾಮಾನ್ಯವಾಗಿತ್ತು. ತಂದೆತಾಯಿಯ ಕಾಯಿಲೆಯ ಹೆಸರನ್ನು ಮಕ್ಕಳು ಬಹಿರಂಗವಾಗಿ ಹೇಳಿ, ಅದೇ ಕಾರಣಕ್ಕೆ ಒಂದು ಚಿಕಿತ್ಸಾಲಯ ಕಟ್ಟಿದ್ದು ಸಣ್ಣ ಮಾತಲ್ಲ. 2003ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೀನ್ಯಾದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ. 6.7 ಇದ್ದರೆ, ಲ್ವಾಲಾ ಸೇರಿದ್ದ ನ್ಯಾಂಜಾ ಪ್ರಾಂತ್ಯದಲ್ಲಿ ಅದು ಶೇ. 15 ದಾಟಿತ್ತು. ಆ ಸುತ್ತಮುತ್ತ ಎರಾಸ್ಟಸ್ ಮನೆಯ ಸೂತಕ ಎಷ್ಟೋ ಮನೆಗಳ ಸೂತಕವೂ ಆಗಿತ್ತು. ಚಿಕಿತ್ಸಾಲಯವೆಂಬ ಈ ಸ್ಮಾರಕ ಊರಿನದಾಗಲು ಇದೂ ಒಂದು ಕಾರಣವೆಂದು ನನ್ನ ಊಹೆ.

ಸ್ಮರಣೆಗೆ ದೇಣಿಗೆ ತರುವ ಶಕ್ತಿಯಿದೆ. ಆದರೆ ದೇಣಿಗೆಗೆ ಕಟ್ಟಡದ ಮೇಲೆ ಮೋಹ ಜಾಸ್ತಿ. ಗೋಡೆಯ ಮೇಲೆ ಹೆಸರು ಕೆತ್ತಬಹುದು, ನರ್ಸಿನ ತಿಂಗಳ ಸಂಬಳದ ಮೇಲೆ ಕೆತ್ತಲಾಗದು. ಲ್ವಾಲಾದ ನಿಜವಾದ ವೈಶಿಷ್ಟ್ಯ ಈ ಎರಡನೆಯ ಬಾಬ್ತಿನಲ್ಲಿದೆ. ಮನೆಯಲ್ಲೇ ಹೆರಿಗೆ ಮಾಡಿಸುತ್ತಿದ್ದ ‘ನ್ಯಾಮ್ರೆರ್ವಾ’ಗಳನ್ನು, ಅಂದರೆ ಊರಿನ ಸೂಲಗಿತ್ತಿಯರನ್ನು, ಚಿಕಿತ್ಸಾಲಯ ನಡೆಸುವ ಸಂಸ್ಥೆ ಎದುರುಹಾಕಿಕೊಳ್ಳಲಿಲ್ಲ, ತರಬೇತಿ ಕೊಟ್ಟು, ಸಂಭಾವನೆ ನಿಗದಿಮಾಡಿ, ಆರೋಗ್ಯ ಕಾರ್ಯಕರ್ತೆಯರನ್ನಾಗಿ ಸೇರಿಸಿಕೊಂಡಿತು. ಗರ್ಭಿಣಿಯರನ್ನು ಗುರುತಿಸುವುದು, ಹೆರಿಗೆಗೆ ಆಸ್ಪತ್ರೆಗೆ ಕರೆತರುವುದು, ಎಳೆಗೂಸುಗಳಿರುವ ಮನೆಗಳಿಗೆ ಹೋಗಿ ನೋಡಿಬರುವುದು ಅವರ ಕೆಲಸವಾಯಿತು. ಬಸುರಿಯ ಅತ್ತೆ ಯಾರ ಮಾತು ಕೇಳುತ್ತಾಳೆಂಬುದು ಗೊತ್ತಿರುವುದು ಸೂಲಗಿತ್ತಿಗೇ ಹೊರತು ಹೊರಗಿನಿಂದ ಬಂದ ವೈದ್ಯರಿಗಲ್ಲ. 2003ರಲ್ಲಿ ಇಡೀ ಕೀನ್ಯಾದಲ್ಲಿ ಆಸ್ಪತ್ರೆ ಹೆರಿಗೆಗಳು ಶೇ. 40ರಷ್ಟು ಮಾತ್ರ ಇದ್ದವೆಂಬುದನ್ನು ನೆನೆದರೆ ಈ ನಡೆಯ ಮಹತ್ವ ತಿಳಿಯುತ್ತದೆ.

ಫಲವೇನು? 2018ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷಾ ಅಧ್ಯಯನ, ಚಿಕಿತ್ಸಾಲಯ ಬಂದ ನಂತರದ ವರ್ಷಗಳಲ್ಲಿ ಆ ಭಾಗದ ಐದು ವರ್ಷದೊಳಗಿನ ಮಕ್ಕಳ ಮರಣ ಗಣನೀಯವಾಗಿ ಇಳಿದಿದೆಯೆಂದು ತೋರಿಸಿತು. ಇದನ್ನು ಎರಡು ಕಾರಣಗಳಿಂದ ಎಚ್ಚರದಿಂದ ಓದಬೇಕು. ಅಧ್ಯಯನ ಮಾಡಿದವರಲ್ಲಿ ಸಂಸ್ಥೆಯವರೂ ವ್ಯಾಂಡರ್‌ಬಿಲ್ಟ್‌ನವರೂ ಇದ್ದಾರೆ. ಅದು ದೋಷವೇನಲ್ಲ, ಆದರೆ ಓದುಗರು ಮರೆಯಬಾರದ ಸಂಗತಿ. ಇನ್ನೊಂದು ಕಾರಣ ಹೆಚ್ಚು ತೂಕದ್ದು. ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ ಇಡೀ ನ್ಯಾಂಜಾದಲ್ಲೇ ಈ ಮರಣ ಪ್ರಮಾಣ 2003ರಲ್ಲಿ ಸಾವಿರ ಜನನಕ್ಕೆ 206 ಇದ್ದದ್ದು 2008–09ರಲ್ಲಿ 149ಕ್ಕೆ, 2014ರಲ್ಲಿ 82ಕ್ಕೆ ಇಳಿದಿತ್ತು. ಲ್ವಾಲಾದಂಥ ಚಿಕಿತ್ಸಾಲಯವೇ ಇಲ್ಲದ ಊರುಗಳೂ ಈ ಲೆಕ್ಕದಲ್ಲಿ ಸೇರಿವೆ. ಈ ಇಳಿಕೆಗೆ ಸರ್ಕಾರದ ಕ್ರಮಗಳೂ ಕಾರಣವಿರಬಹುದು: 2004ರಲ್ಲಿ ಸರ್ಕಾರ ಕೆಳಹಂತದ ಆರೋಗ್ಯ ಕೇಂದ್ರಗಳ ಶುಲ್ಕವನ್ನು 10–20 ಶಿಲಿಂಗಿಗೆ ಇಳಿಸಿತು; 2006ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಔಷಧ ಉಚಿತವಾಯಿತು; 2013ರ ಜೂನ್‌ನಿಂದ ಹೆರಿಗೆಯೂ ಉಚಿತವಾಯಿತು. ಎರಾಸ್ಟಸ್ ತೀರಿಕೊಂಡ ಮರುವರ್ಷವೇ ಆ ಔಷಧ ಬಿಟ್ಟಿಯಾದದ್ದನ್ನು ಸ್ಮಾರಕದ ಕಥೆ ಹೇಳುವವರು ಅಪರೂಪಕ್ಕೂ ಪ್ರಸ್ತಾಪಿಸುವುದಿಲ್ಲ.

ಹಾಗೆಂದು ಎಲ್ಲ ಶ್ರೇಯವನ್ನೂ ಸರ್ಕಾರಕ್ಕೆ ಬರೆಯುವುದೂ ತಪ್ಪಾದೀತು. ಹೆರಿಗೆ ಉಚಿತವೆಂಬ ಆದೇಶ ನೈರೋಬಿಯಿಂದ ಹೊರಟರೂ, ನೋವು ಬಂದ ಹೆಂಗಸು ರಾತ್ರಿಯಲ್ಲಿ ಆಸ್ಪತ್ರೆ ತಲುಪುವ ಏರ್ಪಾಡು ಅದರಲ್ಲಿ ಇರುವುದಿಲ್ಲ. ಆ ಕೊನೆಯ ದೂರವನ್ನು ಸಂಬಳ ಪಡೆಯುವ ಊರಿನ ಹೆಂಗಸರು ತುಂಬಿದರೆಂದು ತೋರುತ್ತದೆ. ಸ್ಥಾಪಕನ ಕಥೆಯ ಮರೆಯಲ್ಲಿ ಇಂಥ ದುಡಿಮೆ ಕಾಣದೆ ಹೋಗುವುದಕ್ಕೆ ಬುರುಂಡಿಯ ಕಿಗುಟುವಿನಲ್ಲೂ ಹೋಲಿಸಬಹುದಾದ ಉದಾಹರಣೆಯಿದೆ. ಅಲ್ಲಿನ ಆರೋಗ್ಯ ಸಂಸ್ಥೆಯ ಸ್ಥಾಪಕ ಡಿಯೊಗ್ರೇಷಿಯಸ್ ನಿಯಿಜೊಂಕಿಜಾ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಅಂತರ್ಯುದ್ಧಕ್ಕೆ ಸಿಕ್ಕಿ ದೇಶಬಿಟ್ಟವರು. ಟ್ರೇಸಿ ಕಿಡರ್ ಅವರ 2009ರ ಪುಸ್ತಕದಿಂದ ಹೆಸರಾದವರು. ಅಲ್ಲೂ ಸ್ಥಾಪಕನ ಜೀವನಕಥೆಗೆ ಸಿಕ್ಕ ಪ್ರಚಾರದ ಒಂದು ಪಾಲೂ ಅಲ್ಲಿ ದುಡಿಯುವವರಿಗೆ ಸಿಕ್ಕಿಲ್ಲ.

2023ರ ಸೆಪ್ಟೆಂಬರಿನಲ್ಲಿ ಕೀನ್ಯಾ ಸರ್ಕಾರ ಸುಮಾರು ಒಂದು ಲಕ್ಷ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಗೆ ಚಾಲನೆ ಕೊಟ್ಟು, ತಿಂಗಳಿಗೆ 5,000 ಶಿಲಿಂಗ್ ಭತ್ಯೆ ನಿಗದಿಮಾಡಿತು. ಅರ್ಧ ಕೇಂದ್ರದ್ದು, ಅರ್ಧ ಕೌಂಟಿಯದು. ಲ್ವಾಲಾ ಅದಕ್ಕಿಂತ ಎಷ್ಟೋ ಮೊದಲೇ ಪಾವತಿ ಶುರುಮಾಡಿತ್ತು. ಹೀಗಾಗಿ ಮುಂದಿನ ಅಧ್ಯಯನಕ್ಕೊಂದು ಒಳ್ಳೆಯ ಅವಕಾಶ ಒದಗಿದೆ: ಚಿಕಿತ್ಸಾಲಯ ಕಟ್ಟಡವಿದ್ದೂ ಭತ್ಯೆ ಹೊಸದಾಗಿ ಬಂದ ಹಳ್ಳಿಗಳನ್ನು, ಎರಡೂ ಮೊದಲಿನಿಂದ ಇದ್ದ ಲ್ವಾಲಾದ ಜೊತೆಗಿಟ್ಟು ನೋಡಿದರೆ, ಗೋಡೆಗಳ ಪಾಲೆಷ್ಟು, ಸೂಲಗಿತ್ತಿಯರ ಪಾಲೆಷ್ಟು ಎಂದು ಬಿಡಿಸುವುದು ಸಾಧ್ಯವಾಗಬಹುದು.