'ಮುಂದ ಏನ್ ಮಾಡ್ತಿ?' ಅಂತ ಶಾಲೆಯಲ್ಲಿ ಕೇಳುವವರು ಯಾರು? ಬಾಗಲಕೋಟೆಯಿಂದ ಒಂದು ವಿವರಣೆ

ಕರ್ನಾಟಕದಲ್ಲಿ 'ಕೌನ್ಸೆಲಿಂಗ್' ಅಂದ ಕೂಡಲೇ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಹೊಳೆಯುತ್ತೆ. ಪಿಯುಸಿ ಮುಗಿಸಿದವರಿಗೆ ಅದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟು ಹಂಚಿಕೆ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಅದು ವರ್ಗಾವಣೆ. ಬಾಗಲಕೋಟೆ ಜಿಲ್ಲೆಯ ಹಳಬರಿಗೆ 'ಆಪ್ತಸಮಾಲೋಚಕರು' ಅಂದರೆ ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಕೂತು ಮಾತಾಡುವವರು. ಈ ಯಾವ ಅರ್ಥದಲ್ಲೂ ಹೈಸ್ಕೂಲಿನ ಹುಡುಗ ಹುಡುಗಿಯ ಪಕ್ಕ ಕೂತು, 'ನೀನು ಏನು ಓದಬೇಕು, ಅದಕ್ಕೆ ಯಾವ ದಾರಿ, ಯಾವ ಕಾಗದ ಯಾವಾಗ ಬೇಕು' ಅಂತ ಹೇಳುವ ಮನುಷ್ಯ ಇಲ್ಲ.

ಆ ಮನುಷ್ಯ ಯಾರು, ಅವರ ಕೆಲಸ ಏನು, ನಮ್ಮ ಸರ್ಕಾರಿ ಶಾಲೆಗಳಲ್ಲಿ ಅವರು ಯಾಕೆ ಕಾಣಿಸುವುದಿಲ್ಲ, ಕಾನೂನು ಏನು ಹೇಳುತ್ತೆ ಅನ್ನೋದು ಈ ಬರಹ. ಉದಾಹರಣೆಗಳನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಿಂದಲೇ ತೆಗೆದುಕೊಂಡಿದ್ದೇನೆ. ಇಲ್ಲಿ ತಪ್ಪು ಆಯ್ಕೆಯ ಬೆಲೆ ಬೆಂಗಳೂರಿಗಿಂತ ಜಾಸ್ತಿ.

ಹುಟ್ಟಿದ್ದು ಎಲ್ಲಿ?

ಅಮೆರಿಕದ ಬೋಸ್ಟನ್‌ನಲ್ಲಿ. ಫ್ರಾಂಕ್ ಪಾರ್ಸನ್ಸ್ ಎಂಬವರು 1908ರಲ್ಲಿ ಅಲ್ಲಿ ವೃತ್ತಿ ಮಾರ್ಗದರ್ಶನದ ಕಚೇರಿ ತೆರೆದರು. ಅವರ ಸೂತ್ರ ಸರಳವಾಗಿತ್ತು: ನಿನ್ನನ್ನು ನೀನು ತಿಳಿ, ಕೆಲಸಗಳ ಲೋಕವನ್ನು ತಿಳಿ, ಎರಡನ್ನೂ ಎದುರುಬದುರು ಇಟ್ಟು ಯೋಚಿಸು. ಮುಂದೆ ಇದು ಶಾಲೆಯೊಳಗಿನ ಹುದ್ದೆಯಾಯಿತು. ಇವತ್ತು ಅಮೆರಿಕದ ಹೈಸ್ಕೂಲುಗಳಲ್ಲಿ ಪದವಿ ಪಡೆಯಲು ಯಾವ ವಿಷಯ ಬಾಕಿ ಇದೆ, ಕಾಲೇಜಿಗೆ ಯಾವಾಗ ಅರ್ಜಿ ಹಾಕಬೇಕು ಅನ್ನೋದನ್ನು ಪ್ರತಿ ವಿದ್ಯಾರ್ಥಿಯ ಜೊತೆ ಕೂತು ನೋಡುವುದು ಕೌನ್ಸೆಲರ್ ಕೆಲಸ. 250 ಮಕ್ಕಳಿಗೆ ಒಬ್ಬರು ಇರಬೇಕು ಅಂತ ಅಲ್ಲಿನ ಶಾಲಾ ಕೌನ್ಸೆಲರ್‌ಗಳ ಸಂಘ ಶಿಫಾರಸು ಮಾಡುತ್ತೆ.

ಇದು ನಮಗೆ ಗೊತ್ತಿರದ ವಿಚಾರವೇನಲ್ಲ. 1952-53ರ ಮುದಲಿಯಾರ್ ಆಯೋಗ ಶಾಲೆಗಳಲ್ಲಿ ಮಾರ್ಗದರ್ಶನ ಬೇಕು ಅಂದಿತ್ತು. 1964-66ರ ಕೊಠಾರಿ ಆಯೋಗ ಇನ್ನೂ ನಿರ್ದಿಷ್ಟವಾಗಿ, ಕನಿಷ್ಠ ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಮಾಲೋಚಕರಾದರೂ ಇರಲಿ ಅಂದಿತು. ಎನ್‌ಸಿಇಆರ್‌ಟಿ ಇದಕ್ಕೆಂದೇ ಡಿಪ್ಲೊಮಾ ಕೋರ್ಸ್ ನಡೆಸುತ್ತೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲೊಂದು. ಆಯೋಗದ ವರದಿ ಇದೆ, ಕೋರ್ಸ್ ಇದೆ. ಹಳ್ಳಿಯ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಆ ಹುದ್ದೆ ಮಾತ್ರ ಇಲ್ಲ.

ಅವರು ಮಾಡುವುದೇನು? ಎಂಟರಿಂದ ಡಿಗ್ರಿವರೆಗೆ

'ಕೌನ್ಸೆಲರ್ ಅಂದ್ರೆ ಅಳೋ ಮಕ್ಕಳಿಗೆ ಸಮಾಧಾನ ಹೇಳೋರು' ಅನ್ನೋದು ಅರ್ಧ ಸತ್ಯ. ಉಳಿದರ್ಧ ಲೆಕ್ಕಾಚಾರದ ಕೆಲಸ. ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು, ಹಾಗಾಗಿ ನನಗೆ ಇದು ಫ್ಲೋಚಾರ್ಟ್ ಥರ ಕಾಣುತ್ತೆ. ಒಂದೊಂದು ತಿರುವಿನಲ್ಲೂ ಕೆಲವು ಬಾಗಿಲು ತೆರೆಯುತ್ತವೆ, ಕೆಲವು ಸದ್ದಿಲ್ಲದೆ ಮುಚ್ಚುತ್ತವೆ.

ಎಂಟನೇ ತರಗತಿ. ಎನ್‌ಎಂಎಂಎಸ್ ಪರೀಕ್ಷೆ ಬರೆಯುವ ವರ್ಷ ಇದು. ಸರ್ಕಾರಿ, ಅನುದಾನಿತ ಶಾಲೆಯ, ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರದ ಆದಾಯದ ಕುಟುಂಬದ ಮಕ್ಕಳಿಗೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಮಗು ಎಂಟು ದಾಟಿದ ಮೇಲೆ ಯಾರೋ ಹೇಳಿದರೆ ಉಪಯೋಗವಿಲ್ಲ.

ಇನ್ನೊಂದು ಸೂಕ್ಷ್ಮ ಇಲ್ಲೇ ಇದೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಬೇಕಾದರೆ ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತೂ ವರ್ಷ ಕನ್ನಡದಲ್ಲೇ ಓದಿರಬೇಕು. ಹುನಗುಂದ ತಾಲ್ಲೂಕಿನ ಹಳ್ಳಿಯ ಹುಡುಗಿಯನ್ನು ಎಂಟನೇ ತರಗತಿಗೆ ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ ದಿನವೇ ಈ ಎರಡೂ ಹೋದವು. ಹಾಕಬಾರದು ಅಂತ ಅಲ್ಲ. ಆ ಶಾಲೆಯಲ್ಲಿ ಸಿಗುವ ಲಾಭ ದೊಡ್ಡದಿರಬಹುದು. ಆದರೆ ಏನು ಕೊಟ್ಟು ಏನು ಪಡೀತಿದ್ದೀವಿ ಅನ್ನೋದು ಅಪ್ಪ ಅವ್ವನಿಗೆ ಗೊತ್ತಿರಬೇಕಲ್ಲ?

ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿ ನಂತರ ನಮ್ಮ ಕಡೆ 'ಸೈನ್ಸ್ ಇಲ್ಲಾ ಆರ್ಟ್ಸ್' ಅನ್ನೋ ಎರಡೇ ಮಾತು. ದಾರಿಗಳು ಅದಕ್ಕಿಂತ ಹೆಚ್ಚಿವೆ. ಎಂಜಿನಿಯರ್ ಆಗಬೇಕು ಅನ್ನುವವರ ಲೆಕ್ಕವನ್ನೇ ನೋಡಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು: ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇ, ಅಲ್ಲಿ ಮೂರು: ಇದೂ ಆರೇ. ಎರಡು ವರ್ಷದ ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿ ಹೋದರೆ ಏಳು. ಮೂರನೇ ದಾರಿಯಲ್ಲಿ ಒಂದು ವರ್ಷ ಹೆಚ್ಚಾದರೂ ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಒಂದು ಕೆಲಸ ಇರುತ್ತೆ. ಎರಡನೇ ವರ್ಷಕ್ಕೆ ಡಿಪ್ಲೊಮಾ ಮುಗಿಸಿ ನಮ್ಮ ಕ್ಲಾಸಿಗೆ ಬಂದು ಸೇರಿದ ಹುಡುಗರು ವರ್ಕ್‌ಶಾಪಿನಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದರು. ಕೂಲಿ ಮಾಡುವ ಮನೆಗೆ ಇದು ಸಣ್ಣ ವಿಷಯವಲ್ಲ.

ಪಿಯುಸಿ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರ ಬಿಟ್ಟರೆ ನೀಟ್ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ಅಲ್ಲಿನ ಪದವಿಗೆ ಕೃಷಿಕ ಕುಟುಂಬದ ಮಕ್ಕಳಿಗೆ ಪ್ರತ್ಯೇಕ ಕೋಟಾ, ಪ್ರಾಯೋಗಿಕ ಪರೀಕ್ಷೆ ಇವೆ. ದಾಳಿಂಬೆ, ದ್ರಾಕ್ಷಿ ಬೆಳೆಯುವವರ ಮಕ್ಕಳಿಗೆ ಪಿಯುಸಿಯಲ್ಲಿ ವಿಷಯ ಆರಿಸುವ ಮೊದಲೇ ಇದು ಗೊತ್ತಾಗಬೇಕು.

ಡಿಗ್ರಿ. 2021-22ರಲ್ಲಿ ರಾಜ್ಯ ಎನ್‌ಇಪಿಯ ನಾಲ್ಕು ವರ್ಷದ ಪದವಿ ತಂದಿತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವಿನ ಮೂರು ಬ್ಯಾಚಿನವರಿಗೆ 'ನಾಲ್ಕನೇ ವರ್ಷ ಓದಲಾ, ಬೇಡವಾ' ಅನ್ನೋ ಪ್ರಶ್ನೆ ಬಂತು. ನೀತಿ ಬದಲಿಸಿದ್ದು ಸರ್ಕಾರ. ಅದರ ಅರ್ಥ ಬಿಡಿಸಿಕೊಳ್ಳುವ ಹೊಣೆ ಮಾತ್ರ ಹತ್ತೊಂಬತ್ತು ವರ್ಷದ ಹುಡುಗಿಯ ತಲೆ ಮೇಲೆ.

ಬಾಗಲಕೋಟೆಯ ಕಥೆ ಯಾಕೆ ಬೇರೆ?

ನಾಲ್ಕು ಕಾರಣ ಕೊಡ್ತೀನಿ.

ಒಂದು, ಗಡಿ. ಇಳಕಲ್ಲಿನ ಒಂದೇ ಬೆಂಚಿನಲ್ಲಿ ಹುನಗುಂದ ಕಡೆಯ ಹುಡುಗ, ಪಕ್ಕದ ಕುಷ್ಟಗಿ ತಾಲ್ಲೂಕಿನ ಹುಡುಗ ಇಬ್ಬರೂ ಕೂತಿರಬಹುದು. ಕುಷ್ಟಗಿ ಕೊಪ್ಪಳ ಜಿಲ್ಲೆ, ಅಂದರೆ 371(ಜೆ) ವ್ಯಾಪ್ತಿ. ಬಾಗಲಕೋಟೆ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಅರ್ಹನಾದ ಹುಡುಗನಿಗೆ ಉಪವಿಭಾಗಾಧಿಕಾರಿ ಕಚೇರಿಯ ಪ್ರಮಾಣಪತ್ರ ಬೇಕು. ಅದು ಅರ್ಜಿ ಹಾಕಿದ ಸಂಜೆಯೇ ಸಿಗುವ ಕಾಗದ ಅಲ್ಲ.

ಎರಡು, ಮುಳುಗಡೆ. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಕೊಟ್ಟ ಕುಟುಂಬಗಳು ಇಲ್ಲಿ ಲೆಕ್ಕವಿಲ್ಲದಷ್ಟು. ಬಾಗಲಕೋಟೆಯ ನವನಗರ ಎದ್ದಿದ್ದೇ ಹಾಗೆ. ಸರ್ಕಾರಿ ನೇಮಕಾತಿಯಲ್ಲಿ 'ಯೋಜನಾ ನಿರಾಶ್ರಿತರು' ಅನ್ನೋ ಮೀಸಲಾತಿ ಇದೆ. ಅಜ್ಜನ ಟ್ರಂಕಿನಲ್ಲಿರುವ ಭೂಸ್ವಾಧೀನದ ಕಾಗದಕ್ಕೂ ಮೊಮ್ಮಗಳ ನೌಕರಿ ಅರ್ಜಿಗೂ ಸಂಬಂಧ ಇದೆ ಅಂತ ಯಾರಾದರೂ ಹೇಳಬೇಕು.

ಮೂರು, ದುಡಿಯಕ ಹೋಗೋದು. ಬಾದಾಮಿ, ಹುನಗುಂದ ಭಾಗದ ತಾಂಡಾ, ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ಜನ ಕಟ್ಟಡ ಕೆಲಸಕ್ಕೆ ಹೋಗ್ತಾರೆ. ಮಕ್ಕಳೂ ಜೊತೆ ಹೋದರೆ ಶೇ 75 ಹಾಜರಾತಿ ಕೈತಪ್ಪುತ್ತೆ. ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಇದ್ದರೆ ಮಕ್ಕಳ ಓದಿಗೆ ಮಂಡಳಿಯಿಂದ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಕಾರ್ಡು ಅಪ್ಪನ ಕಿಸೆಯಲ್ಲಿರುತ್ತೆ, ಅಪ್ಪ ಮಡಗಾವದಲ್ಲಿರ್ತಾನೆ, ಅರ್ಜಿಯ ಕೊನೆ ದಿನ ದಾಟಿರುತ್ತೆ.

ನಾಲ್ಕು, ಹೆಣ್ಣುಮಕ್ಕಳು. ಎಸ್ಸೆಸ್ಸೆಲ್ಸಿ ಫೇಲ್ ಆದ ಹುಡುಗನಿಗೆ 'ಗ್ಯಾರೇಜಿಗೆ ಹೋಗು' ಅಂತಾರೆ. ಹುಡುಗಿಗೆ ವರ ನೋಡ್ತಾರೆ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೆ ಕಾನೂನು ಬಾಗಿಲಿಗೆ ಬರುವಷ್ಟರಲ್ಲಿ ಚಪ್ಪರ ಹಾಕಿ ಆಗಿರುತ್ತೆ. 2023-24ರಲ್ಲಿ ಒಂದೇ ವರ್ಷ ಮೂರು ಪರೀಕ್ಷೆಗಳ ಪದ್ಧತಿ ಬಂದಿದ್ದು ಇಂಥ ಹುಡುಗಿಗೆ ದೊಡ್ಡ ಅವಕಾಶ. ಮೊದಲ ಪರೀಕ್ಷೆಯಲ್ಲಿ ಗಣಿತ ಹೋದರೆ ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದು, ಎರಡರಲ್ಲಿ ಉತ್ತಮ ಅಂಕ ಉಳಿಯುತ್ತೆ. ಫಲಿತಾಂಶ ಬಂದ ದಿನದಿಂದ ಮರುಪರೀಕ್ಷೆಯ ಶುಲ್ಕ ಕಟ್ಟುವ ದಿನದವರೆಗಿನ ಆ ಕೆಲವು ದಿನ ಇದೆಯಲ್ಲ, ಕೌನ್ಸೆಲರ್ ಸಂಬಳ ಸಾರ್ಥಕವಾಗೋದು ಆಗಲೇ. ಮನೆಗೆ ಹೋಗಿ, 'ಅಕ್ಕಾರ, ಇನ್ನೊಂದ್ ತಿಂಗಳು ತಡೀರಿ, ಈಕಿ ಪಾಸ್ ಆಗ್ತಾಳ' ಅನ್ನುವವರು ಒಬ್ಬರು ಬೇಕು. ಆ ಹೊತ್ತಿಗೆ ಶಾಲೆಗೆ ಬೇಸಿಗೆ ರಜೆ.

ಹಾಗಂತ ಬಡತನದ ಪಟ್ಟಿ ಮಾತ್ರ ಹೇಳೋದೂ ಸರಿಯಲ್ಲ. ಇಳಕಲ್ಲಿನ ಮಗ್ಗದ ಮನೆಯ ಹುಡುಗನಿಗೆ ಗದಗ-ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ ಕಲಿಸುವ ಸಂಸ್ಥೆ ಇದೆ. ಬಾದಾಮಿಯ ಕಲ್ಲು ನೋಡುತ್ತಾ ಬೆಳೆದವಳಿಗೆ ಕನ್ನಡ ವಿಶ್ವವಿದ್ಯಾಲಯದ ಶಿಲ್ಪಕಲೆಯ ಕೇಂದ್ರ ಅದೇ ಊರಿನಲ್ಲಿದೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದ ನಡೀತಿದೆ. ಸಂಸ್ಥೆಗಳಿಗೆ ಬರ ಇಲ್ಲ. ಮಗುವಿನಿಂದ ಸಂಸ್ಥೆಯವರೆಗಿನ ದಾರಿ ತೋರಿಸುವವರಿಗೆ ಬರ.

ಈಗ ಈ ಕೆಲಸ ಮಾಡ್ತಿರೋರು ಯಾರು?

ಮೊದಲನೆಯವರು ಶಿಕ್ಷಕರು. ಎಷ್ಟೋ ಮಾಸ್ತರು, ಟೀಚರಮ್ಮಂದಿರು ಸ್ವಂತ ಆಸಕ್ತಿಯಿಂದ ಮಕ್ಕಳ ಅರ್ಜಿ ತುಂಬುತ್ತಾರೆ, ಕಿಸೆಯಿಂದ ಶುಲ್ಕ ಕಟ್ತಾರೆ. ಆದರೆ ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಎಂಟ್ರಿ, ಚುನಾವಣೆ ಕೆಲಸ ಎಲ್ಲ ಅವರದ್ದೇ. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಶಾಲೆಗಳ ದಸರಾ ರಜೆಯನ್ನೇ 18ರವರೆಗೆ ವಿಸ್ತರಿಸಬೇಕಾಯಿತು. ಇಂಥವರ ಮೇಲೆ ಇನ್ನೊಂದು ಕೆಲಸ ಹೊರಿಸಿ 'ಮಾರ್ಗದರ್ಶನ ಆಯ್ತು' ಅಂದರೆ ಅದು ಕಾಗದದಲ್ಲಿ ಮಾತ್ರ ಆಗುತ್ತೆ.

ಎರಡನೆಯವರು ಫ್ಲೆಕ್ಸ್ ಬೋರ್ಡುಗಳು. ಫಲಿತಾಂಶದ ವಾರ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಧಾರವಾಡ, ವಿಜಯಪುರ, ಕರಾವಳಿಯ ಖಾಸಗಿ ಪಿಯು ಕಾಲೇಜುಗಳ ಬ್ಯಾನರುಗಳು, ನಡುವೆ 'ಉಚಿತ ವೃತ್ತಿ ಮಾರ್ಗದರ್ಶನ ಶಿಬಿರ'. ಸೀಟು ಮಾರುವವರು ಕೊಡುವ ಸಲಹೆಯಲ್ಲಿ ಐಟಿಐ ಯಾಕೆ ಬರುತ್ತೆ ಹೇಳಿ?

ಕಾನೂನು ಏನು ಹೇಳುತ್ತೆ?

2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ಸುಕದೇಬ್ ಸಾಹಾ ಪ್ರಕರಣದಲ್ಲಿ ಮಹತ್ವದ ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗ್ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನಿಂದ ಹುಟ್ಟಿದ ಪ್ರಕರಣ ಅದು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಬೇಕು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡಿಕೊಳ್ಳಬೇಕು. ವಿದ್ಯಾರ್ಥಿ, ಪೋಷಕರಿಬ್ಬರಿಗೂ ನಿಯಮಿತವಾಗಿ ವೃತ್ತಿ ಮಾರ್ಗದರ್ಶನ ಕೊಡಬೇಕು. ಶಾಸನ ಬರುವವರೆಗೆ ಈ ಮಾರ್ಗಸೂಚಿಗಳಿಗೆ ಸಂವಿಧಾನದ 141ನೇ ವಿಧಿಯ ಬಲ ಇದೆ. ಅಂದರೆ ಇದು ಬೇಡಿಕೊಳ್ಳುವ ಸೌಲಭ್ಯ ಅಲ್ಲ.

ಎಚ್ಚರಿಕೆಯೂ ಬೇಕು

ಕೌನ್ಸೆಲರ್ ಬಂದರೆ ಎಲ್ಲ ಸರಿಹೋಗುತ್ತೆ ಅಂತ ನಾನು ನಂಬಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಲ್ಲೇ ಒಂದು ಮಾತು ಬರೆದಿದ್ದರು: ಕಾಲೇಜಿನ ಸಲಹೆಗಾರರು ಕೆಲವು ವಿದ್ಯಾರ್ಥಿಗಳ ಆಸೆಯನ್ನು ಮೆಲ್ಲಗೆ ತಣ್ಣಗಾಗಿಸಿ, ಸಣ್ಣ ಗುರಿಗೆ ಒಪ್ಪಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಜಾತಿ ಸೇರಿಕೊಂಡರೆ ಏನಾಗುತ್ತೆ ಅಂತ ವಿವರಿಸಬೇಕಿಲ್ಲ. 'ನಿಮ್ಮವರಿಗೆ ಐಟಿಐ ಸಾಕು', 'ಹುಡುಗಿಗೆ ಡಿ.ಇಡಿ ಆದ್ರ ಸಾಕಲ್ಲ' ಅನ್ನೋ ಮಾತು ಹುದ್ದೆಯ ಅಧಿಕಾರದಿಂದ ಬಂದರೆ ಇನ್ನೂ ಅಪಾಯ. ಐಟಿಐ ಒಳ್ಳೆಯ ದಾರಿ ಆಗೋದು ಮಗು ತಾನೇ ಆರಿಸಿಕೊಂಡಾಗ, ಅದರಿಂದ ಮುಂದಕ್ಕೆ ಹೋಗುವ ಬಾಗಿಲೂ ಗೊತ್ತಿದ್ದಾಗ. ಹಾಗಾಗಿ ಒಳ್ಳೆಯ ಸಮಾಲೋಚಕರನ್ನು ಗುರುತಿಸುವ ಪರೀಕ್ಷೆ ಸುಲಭ: ಅವರು ಎಲ್ಲ ದಾರಿಗಳನ್ನೂ, ಎಲ್ಲ ಮಕ್ಕಳಿಗೂ ಹೇಳ್ತಾರಾ?

ಏನು ಕೇಳಬೇಕು?

ನಿಮ್ಮೂರಿನ ಹೈಸ್ಕೂಲಿನ ಎಸ್‌ಡಿಎಂಸಿ ಸಭೆಯಲ್ಲಿ, ಬಿಇಒ ಕಚೇರಿಯಲ್ಲಿ, ಪಿಯು ಉಪನಿರ್ದೇಶಕರ ಕಚೇರಿಯಲ್ಲಿ ಮೂರು ಪ್ರಶ್ನೆ ಕೇಳಿ, ಬೇಕಾದರೆ ಮಾಹಿತಿ ಹಕ್ಕಿನಡಿ ಬರೆದು ಕೇಳಿ. ಸುಪ್ರೀಂ ಕೋರ್ಟಿನ ಮಾರ್ಗಸೂಚಿ ಪ್ರಕಾರ ಈ ಶಾಲೆಗೆ ನೇಮಕವಾದವರು ಯಾರು? ಅವರು ಈ ವರ್ಷ ಯಾವ ಯಾವ ದಿನ ಬಂದರು? ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳಲ್ಲಿ ಎಷ್ಟು ಜನ ಮರುಪರೀಕ್ಷೆಗೆ ಕಟ್ಟಿದರು, ಕಟ್ಟದವರ ಮನೆಗೆ ಯಾರು ಹೋದರು?

ಶಾಲೆಗೊಬ್ಬರು ಈಗಲೇ ಸಾಧ್ಯವಿಲ್ಲ ಅಂದರೆ ಕೊಠಾರಿ ಆಯೋಗದ ಲೆಕ್ಕದಲ್ಲಿ ಹತ್ತು ಶಾಲೆಗೊಬ್ಬರಿಂದ ಶುರು ಮಾಡಲಿ. ಜಿಲ್ಲೆಯಲ್ಲಿ ಎಂಎಸ್‌ಡಬ್ಲ್ಯು, ಮನಶ್ಶಾಸ್ತ್ರ ಓದಿ ಕೆಲಸ ಹುಡುಕುತ್ತಿರುವ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ನೇಮಿಸಬಹುದು. ಬೇಸಿಗೆ ರಜೆಯಲ್ಲೂ ಅವರಿಗೆ ಕೆಲಸ, ಸಂಬಳ ಎರಡೂ ಇರಲಿ. ಮರುಪರೀಕ್ಷೆಯ ಅರ್ಜಿ, ಪಿಯು ದಾಖಲಾತಿ, ಮನೆಯಲ್ಲಿ ವರ ನೋಡುವ ಮಾತು ಎಲ್ಲ ಬರೋದು ಆ ಎರಡು ತಿಂಗಳಲ್ಲೇ.