ವಿಲೇವಾರಿ ಮತ್ತು ಪರಿಹಾರ: ತಂಡಗಳು ದೋಷನೋಂದಣಿ ಕಲಿತ ಬಗೆ

ತಂತ್ರಾಂಶದಲ್ಲಿ ಕಂಡ ತಪ್ಪನ್ನು ಬರೆದಿಟ್ಟು, ಅದನ್ನು ಯಾರಿಗೆ ಒಪ್ಪಿಸಲಾಯಿತು, ಮುಂದೇನಾಯಿತು ಎಂಬುದನ್ನು ಕೊನೆಯವರೆಗೂ ಬೆನ್ನುಹತ್ತುವ ವ್ಯವಸ್ಥೆಗೆ ಬಗ್ ಟ್ರ್ಯಾಕಿಂಗ್, ಅಂದರೆ ದೋಷನೋಂದಣಿ, ಎಂದು ಹೆಸರು. ಇತ್ತೀಚಿನ ತರಬೇತಿ ಪಠ್ಯಗಳಲ್ಲಿ ಇದರ ಚರಿತ್ರೆಯು ಉತ್ಪನ್ನಗಳ ಹೆಸರುಪಟ್ಟಿಯಾಗಿ ಕುಗ್ಗಿದ್ದು, ಒಳ್ಳೆಯ ಸಾಧನ ಕೊಂಡ ತಂಡಕ್ಕೆ ಶಿಸ್ತು ತಾನಾಗಿ ಬರುತ್ತದೆಂಬ ನಂಬಿಕೆ ಬೇರೂರಿದೆ. ಆದರೆ ಸಾಧನ ಬದಲಾದಾಗಲೆಲ್ಲ ತಂಡಗಳು ಮತ್ತೆ ಮತ್ತೆ ಕಲಿಯಬೇಕಾಗಿ ಬಂದ ಪಾಠ ಒಂದೇ: ದಾಖಲೆಯನ್ನು ಮುಚ್ಚುವುದು ಬೇರೆ, ತೊಂದರೆಯನ್ನು ನೀಗಿಸುವುದು ಬೇರೆ.

ಈ ಅಂತರ ಗಣಕಕ್ಕಿಂತ ಹಳೆಯದು. ಕೋಲ್ಕತ್ತದ ಬಿಬಿಡಿ ಬಾಗ್‌ನ, ಹಿಂದಿನ ಡಾಲ್‌ಹೌಸಿ ಚೌಕದ, ಉತ್ತರ ಮಗ್ಗುಲಲ್ಲಿ 1770ರ ದಶಕದಲ್ಲಿ ಆರಂಭವಾದ ರೈಟರ್ಸ್ ಬಿಲ್ಡಿಂಗ್‌ಗೆ ಆ ಹೆಸರು ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ‘ರೈಟರ್’ಗಳಿಂದ, ಅಂದರೆ ಕಿರಿಯ ಗುಮಾಸ್ತರಿಂದ, 2013ರಲ್ಲಿ ಸಚಿವಾಲಯವು ಹೌರಾದ ನಬಾನ್ನಕ್ಕೆ ಹೋಗುವವರೆಗೆ ಪಶ್ಚಿಮ ಬಂಗಾಳದ ಆಡಳಿತ ನಡೆದದ್ದು ಅಲ್ಲಿಂದಲೇ. ಬಂದ ಕಾಗದಕ್ಕೆ ಒಂದು ಸಂಖ್ಯೆ, ಒಂದು ದಿನಾಂಕ, ಹೊಣೆಹೊತ್ತ ಒಂದು ಮೇಜು, ದಿನಾಂಕವಾರು ಬೆಳೆಯುತ್ತ ಹೋಗುವ ಟಿಪ್ಪಣಿ: ಕರ್ನಾಟಕದ ಕಚೇರಿಗಳ ಆವಕ-ಜಾವಕ ವಹಿಗಳಲ್ಲೂ ಕಾಣುವ ಈ ಕ್ರಮವೇ ಇಂದಿನ ಪ್ರತಿಯೊಂದು ದೋಷನೋಂದಣಿ ತಂತ್ರಾಂಶದ ಅಸ್ಥಿಪಂಜರ. ಗುಮಾಸ್ತರ ಈ ಋಣವನ್ನು ಕ್ಷೇತ್ರದ ಚರಿತ್ರಕಾರರು ನೆನೆಯದಿರುವುದು ದೊಡ್ಡ ಕೊರತೆ. ವಹಿಯಲ್ಲಿ ಇಲ್ಲದಿದ್ದದ್ದು ಒಂದೇ ಅಂಕಣ. ಕಡತ ವಿಲೇವಾರಿಯಾದ ಮೇಲೆ ಅರ್ಜಿದಾರನ ತೊಂದರೆ ನಿಜಕ್ಕೂ ಕಳೆಯಿತೇ ಎಂಬುದು.

ಗಣಕಯುಗದ ಮೊದಲ ಹಂತವನ್ನು ಬೇಗ ದಾಟಬಹುದು. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಯಂತ್ರದಲ್ಲಿ ಸಿಕ್ಕ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ ಪ್ರಸಂಗ ಪ್ರಸಿದ್ಧವಾದರೂ, ‘ಬಗ್’ ಎಂಬ ಮಾತು ಎಡಿಸನ್‌ನ ಕಾಲದಲ್ಲೇ ಬಳಕೆಯಲ್ಲಿತ್ತು. ಆ ಪ್ರಸಂಗದಲ್ಲಿ ಗಮನಿಸಬೇಕಾದದ್ದು ಪತಂಗಕ್ಕಿಂತ ಪುಸ್ತಕ. 1992ರ ಗ್ನಾಟ್ಸ್, 1994ರ ಡೆಬಿಯನ್ ವ್ಯವಸ್ಥೆಗಳು ಇಮೇಲ್ ಮೂಲಕ ಬಂದ ದೂರುಗಳಿಗೆ ಸಂಖ್ಯೆ ಕೊಟ್ಟವು.

ತಿರುವು ಬಂದದ್ದು 1998ರಲ್ಲಿ. ನೆಟ್‌ಸ್ಕೇಪ್ ತನ್ನ ಬ್ರೌಸರಿನ ಮೂಲಸಂಕೇತವನ್ನು ಬಹಿರಂಗಪಡಿಸಿದಾಗ ಟೆರ್ರಿ ವೈಸ್‌ಮನ್ ರಚಿಸಿದ ಬಗ್‌ಜಿಲ್ಲಾ, ಒಂದೇ ಕಟ್ಟಡದಲ್ಲಿ ಕೂರದ, ಪರಸ್ಪರ ಮುಖ ಕಂಡಿರದ ಜನ ಒಂದು ತಂಡವಾಗುವುದನ್ನು ಸಾಧ್ಯವಾಗಿಸಿತು. ‘ಸರಿಪಡಿಸಲಾಗಿದೆ’ ಎಂಬ ಸ್ಥಿತಿಯ ಮುಂದೆ ‘ಪರಿಶೀಲಿಸಲಾಗಿದೆ’ ಎಂಬ ಬೇರೊಂದು ಸ್ಥಿತಿಯನ್ನಿಟ್ಟು, ರಿಪೇರಿ ಮಾಡಿದವನ ಮಾತೇ ಕೊನೆಯ ಮಾತಲ್ಲವೆಂದು ಅದು ಸಾರಿತು. ಗುಮಾಸ್ತರ ವಹಿಯಲ್ಲಿ ಇಲ್ಲದ ಅಂಕಣ ಹೀಗೆ ಒದಗಿಬಂತು. 2000ದಲ್ಲಿ ಜೋಯೆಲ್ ಸ್ಪೋಲ್‌ಸ್ಕಿ, ಒಳ್ಳೆಯ ವರದಿಯಲ್ಲಿ ದೋಷ ಮರುಕಳಿಸುವಂತೆ ಮಾಡುವ ಹೆಜ್ಜೆಗಳು, ನಿರೀಕ್ಷಿಸಿದ್ದು, ಕಂಡದ್ದು ಎಂಬ ಮೂರೂ ಇರಬೇಕೆಂದೂ, ದೋಷವನ್ನು ತೆರೆದವರೇ ಅದನ್ನು ಮುಚ್ಚಬೇಕೆಂದೂ ವಿವರಿಸಿದರು. ಈ ಎರಡನೆಯ ಸೂತ್ರಕ್ಕಿಂತ ಮುಖ್ಯವಾದುದು ಈ ಕ್ಷೇತ್ರದಲ್ಲಿ ಇಂದಿಗೂ ಬಂದಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನ ಪೀಳಿಗೆಯೊಂದು ಇನ್ನೊಂದು ದಾರಿಯಿಂದ ಇದೇ ವಿವೇಕಕ್ಕೆ ಬಂದಿತ್ತು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ರೂಪಿಸಿದ ಸಿಎಂಎಂ ಎಂಬ ಐದು ಮೆಟ್ಟಿಲುಗಳ ಪ್ರಬುದ್ಧತಾ ಮಾದರಿಯಲ್ಲಿ ಕೊನೆಯ ಮೆಟ್ಟಿಲನ್ನು ಬೆಂಗಳೂರಿನ ಮೊಟೊರೊಲಾ ಘಟಕ 1990ರ ದಶಕದ ಮಧ್ಯದೊಳಗೇ ಏರಿತ್ತು. ದಶಕದ ಕೊನೆಗೆ ವಿಪ್ರೋ, ಇನ್ಫೋಸಿಸ್ ಹಿಂಬಾಲಿಸಿದವು. ಆ ಮೆಟ್ಟಿಲಿನ ಒಂದು ಷರತ್ತು ದೋಷ ತಡೆ: ಮುಚ್ಚಿದ ದೋಷಗಳನ್ನು ತಂಡ ಮತ್ತೆ ಒಟ್ಟಿಗೆ ಕೂತು ಓದಿ, ಅವು ಹುಟ್ಟಿದ ಕಾರಣಗಳನ್ನು ವಿಂಗಡಿಸಿ, ಕೆಲಸದ ಕ್ರಮವನ್ನೇ ಬದಲಿಸುವುದು. ಪಂಕಜ್ ಜಲೋಟೆಯವರು ಇನ್ಫೋಸಿಸ್‌ನ ಪದ್ಧತಿಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದರ ವಿವರಗಳಿವೆ. ತುರ್ತು ಚಿಕಿತ್ಸೆಯಲ್ಲಿ ರೋಗಿಗಳನ್ನು ವಿಂಗಡಿಸುವ ಕ್ರಮದಿಂದ ಹೆಸರು ಪಡೆದ ಟ್ರಯಾಜ್ ಸಭೆಗಳಲ್ಲಿ ಕಿರಿಯರು ತೀವ್ರತೆ ಮತ್ತು ಆದ್ಯತೆಗಳ ವ್ಯತ್ಯಾಸ ಕಲಿಯುತ್ತಿದ್ದರು: ಮೊದಲ ಪರದೆಯಲ್ಲೇ ಸಂಸ್ಥೆಯ ಹೆಸರು ತಪ್ಪಾಗಿದ್ದರೆ ಯಂತ್ರ ನಿಲ್ಲುವುದಿಲ್ಲವಾದ್ದರಿಂದ ತೀವ್ರತೆ ಕಡಿಮೆ, ಆದರೆ ಅಂದೇ ತಿದ್ದಬೇಕಾದ್ದರಿಂದ ಆದ್ಯತೆ ಹೆಚ್ಚು. ನಮೂನೆಗಳ ಹೊರೆ ವಿಪರೀತವಾಗಿತ್ತೆಂಬ ಆಕ್ಷೇಪ ನಿಜವೇ. ಆದರೂ ಇನ್ನೊಬ್ಬರ ದೋಷವರದಿಯನ್ನು ಪೂರ್ತಿ ಓದುವ ಅಭ್ಯಾಸ ಆ ಸಭೆಗಳಲ್ಲಿ ಬೆಳೆಯಿತು.

ಕನ್ನಡ ಗಣಕೀಕರಣದ ತಂಡಗಳಿಗೆ ಈ ಅಭ್ಯಾಸ ಇನ್ನೂ ಅಗತ್ಯವಾಗಿತ್ತು. ಯೂನಿಕೋಡ್‌ನಲ್ಲಿ ರ, ಹಲಂತ, ಯ ಎಂದು ಒತ್ತಿದರೆ ‘ಸೂರ್ಯ’ದಲ್ಲಿರುವಂತೆ ಅರ್ಕಾವತ್ತು ಬರುತ್ತದೆ; ‘ರ‍್ಯಾಂಕ್’ ಎಂದು ಮೂಡಬೇಕಾದರೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ‘ಅಕ್ಷರ ಒಡೆದಿದೆ’ ಎಂಬ ದೂರಿನಿಂದ ತಪ್ಪು ಕೀಲಿಮಣೆಯದೋ, ಫಾಂಟಿನದೋ, ಅಕ್ಷರಗಳನ್ನು ಜೋಡಿಸಿ ತೋರಿಸುವ ಹಾರ್ಫ್‌ಬಜ್‌ನಂಥ ತಂತ್ರಾಂಶದ್ದೋ ತಿಳಿಯುವುದಿಲ್ಲ; ಒತ್ತಿದ ಕೀಲಿಗಳ ಅನುಕ್ರಮ, ಫಾಂಟಿನ ಹೆಸರು, ತೆರೆಚಿತ್ರ ಇದ್ದರೆ ಮಾತ್ರ ದೂರು ಸರಿಯಾದ ತಂಡವನ್ನು ತಲುಪುತ್ತದೆ.

2002ರ ಜಿರಾ, 2008ರಲ್ಲಿ ಆರಂಭವಾದ ಗಿಟ್‌ಹಬ್ ನೋಂದಣಿಯನ್ನು ಸುಲಭವಾಗಿಸಿದವು. ವಿಕಿಮೀಡಿಯ 2014ರಲ್ಲಿ ಬಗ್‌ಜಿಲ್ಲಾದಿಂದ ಫ್ಯಾಬ್ರಿಕೇಟರ್‌ಗೆ ದಾಟಿತು. ಟಿಕೆಟ್, ಅಂದರೆ ದಾಖಲಾದ ಕೆಲಸ, ಎಷ್ಟು ಮುಚ್ಚಿತೆಂಬ ಎಣಿಕೆಯೇ ತಂಡದ ಅಳತೆಯಾದ ಕಡೆ ವಿಲೇವಾರಿ ಮತ್ತೆ ಪರಿಹಾರದ ಜಾಗಕ್ಕೆ ಬಂದಿದೆ, ಪರೀಕ್ಷಕನ ಹುದ್ದೆ ಮೊದಲು ಕಳಚಿದೆ. ಯಂತ್ರಕಲಿಕೆಯಿಂದ ಟ್ರಯಾಜ್ ಮಾಡುವ ಪ್ರಯತ್ನಗಳೂ ಹಳೆಯ ವರದಿಗಳನ್ನೇ ಆಧರಿಸಿರುವುದರಿಂದ, ಎಂದೂ ವರದಿಯಾಗದ ದೋಷ ಅವುಗಳ ಕಣ್ಣಿಗೆ ಬೀಳುವುದಿಲ್ಲ.

ಕನ್ನಡದ ದೋಷಗಳಲ್ಲಿ ಬಹುಪಾಲು ಈ ಜಾತಿಯವು. ನಾಡಕಚೇರಿಯಲ್ಲಿ ದಿನವಿಡೀ ಕನ್ನಡ ಬೆರಳಚ್ಚಿಸುವ ನಿರ್ವಾಹಕನಿಗೆ ಯಾವ ಕೀಲಿಯ ನಂತರ ಯಾವುದನ್ನು ಒತ್ತಿದಾಗ ಅಕ್ಷರ ಕೆಡುತ್ತದೆಂದು ಗೊತ್ತಿರುತ್ತದೆ, ಮರುಕಳಿಸುವ ಹೆಜ್ಜೆಗಳನ್ನು ಅವನಷ್ಟು ನಿಖರವಾಗಿ ಹೇಳಬಲ್ಲವರು ವಿರಳ. ಆದರೆ ಅವನು ಬಳಸುವ ಫಾಂಟು, ಬ್ರೌಸರುಗಳ ದೋಷನೋಂದಣಿ ನಮೂನೆ ಸಾಮಾನ್ಯವಾಗಿ ಅವನನ್ನು ಕೇಳುವುದು ಇಂಗ್ಲಿಷಿನಲ್ಲಿ.