ಕಿತ್ತಳೆ ರೆಕ್ಕೆ, ಕಪ್ಪು ಚುಕ್ಕಿ: ಇವೆಲ್ಲ ಒಂದೇ ಜಾತಿಯ ಚಿಟ್ಟೆಗಳೇ?

ಬೆಟ್ಟದಪುರದ ಕಡೆ ಹೊಲದ ಬದುವಿನಲ್ಲಿ ಕಿತ್ತಳೆ ಬಣ್ಣದ ಚಿಟ್ಟೆ ಕಂಡರೆ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತೇವೆ. ಯಾರೋ ‘ಇದು ಫ್ರಿಟಿಲರಿ’ ಎಂದು ಬರೆದರೆ ಸಾಕು, ಅದೇ ಹೆಸರು ಫಾರ್ವರ್ಡ್ ಆಗುತ್ತಾ ಹೋಗುತ್ತದೆ. ಆದರೆ ಬರೀ ಬಣ್ಣ ನೋಡಿ ಚಿಟ್ಟೆಗೆ ಹೆಸರಿಡಬಹುದೇ?

ಇಲ್ಲ. ನಮ್ಮ ಬಯಲಿನಲ್ಲಿ ಸಾಮಾನ್ಯವಾಗಿ ಕಾಣುವ ಮೂರು ಕಿತ್ತಳೆ ಚಿಟ್ಟೆಗಳನ್ನೇ ನೋಡಿ:

• ಕಾಮನ್ ಲೆಪರ್ಡ್: ಚಿರತೆಯಂತೆ ಮೈತುಂಬ ಚುಕ್ಕಿ. ಮರಿಹುಳು ತಿನ್ನುವುದು ಫ್ಲಕೋರ್ಷಿಯ ಜಾತಿಯ ಮುಳ್ಳುಗಿಡಗಳ ಎಲೆ.
• ಟಾನಿ ಕೋಸ್ಟರ್: ನಿಧಾನವಾಗಿ ಹಾರುತ್ತದೆ. ಮರಿಹುಳುವಿಗೆ ಪ್ಯಾಶನ್ ಫ್ರೂಟ್ ಜಾತಿಯ ಬಳ್ಳಿ, ಪುರುಷರತ್ನ ಗಿಡ ಬೇಕು.
• ಪ್ಲೇನ್ ಟೈಗರ್: ರೆಕ್ಕೆಯ ತುದಿ ಕಪ್ಪು, ಅದರಲ್ಲಿ ಬಿಳಿ ಪಟ್ಟಿ. ಮರಿಹುಳು ಎಕ್ಕದ ಎಲೆ ತಿನ್ನುತ್ತದೆ.

ಹಾಗಾದರೆ ಫ್ರಿಟಿಲರಿ ಯಾವುದು?

ಮೇಲಿನ ಮೂರೂ ನಿಂಫಾಲಿಡೇ ಎಂಬ ದೊಡ್ಡ ಕುಟುಂಬದವು. ಇವುಗಳ ಮುಂಗಾಲು ಗಿಡ್ಡ, ನಾಲ್ಕೇ ಕಾಲಿನ ಮೇಲೆ ನಿಲ್ಲುತ್ತವೆ. ಈ ಕುಟುಂಬದ ಹೆಲಿಕೋನಿನೇ ಉಪಕುಟುಂಬದಲ್ಲಿರುವ ಅರ್ಜಿನ್ನಿನಿ ಗುಂಪಿನವೇ ನಿಜವಾದ ಫ್ರಿಟಿಲರಿಗಳು. ದಕ್ಷಿಣ ಭಾರತದಲ್ಲಿರುವುದು ಇಂಡಿಯನ್ ಫ್ರಿಟಿಲರಿ. 1763ರಲ್ಲಿ ಲಿನೇಯಸ್ ಹೆಸರಿಟ್ಟ ಈ ಚಿಟ್ಟೆಯನ್ನು ನೋಡಲು ನೀಲಗಿರಿಯಂಥ ಎತ್ತರದ ಬೆಟ್ಟಗಳಿಗೆ ಹೋಗಬೇಕು. ಅದರ ಮರಿಹುಳು ತಿನ್ನುವುದು ವಯೊಲಾ ಗಿಡಗಳನ್ನು.

ಕಾಮನ್ ಲೆಪರ್ಡ್ ಮತ್ತು ಟಾನಿ ಕೋಸ್ಟರ್ ಇದೇ ಉಪಕುಟುಂಬದ ದಾಯಾದಿಗಳು. ಲೆಪರ್ಡನ್ನು ಹಿಂದೆ ಫ್ರಿಟಿಲರಿಗಳ ಜೊತೆಗೇ ಇಡುತ್ತಿದ್ದರು. ದೇಹರಚನೆ ಮತ್ತು ಡಿಎನ್‌ಎ ಹೋಲಿಸಿ ನೋಡಿದ ಮೇಲೆ ವ್ಯಾಗ್ರಂಟಿನಿ ಎಂಬ ಬೇರೆ ಗುಂಪಿಗೆ ಸೇರಿಸಿದರು. ಪ್ಲೇನ್ ಟೈಗರ್ ಮಾತ್ರ ಬೇರೆಯೇ ಉಪಕುಟುಂಬದ್ದು.

ಬಣ್ಣ ಏಕೆ ದಾರಿ ತಪ್ಪಿಸುತ್ತದೆ?

ಎಕ್ಕದ ಜಾತಿಯ ಗಿಡಗಳ ವಿಷದಿಂದಾಗಿ ಪ್ಲೇನ್ ಟೈಗರ್ ಹಕ್ಕಿಗಳ ಬಾಯಿಗೆ ರುಚಿಸುವುದಿಲ್ಲ. ಇಂಡಿಯನ್ ಫ್ರಿಟಿಲರಿಯ ಹೆಣ್ಣು ಅದರ ವೇಷವನ್ನೇ ಹಾಕಿಕೊಂಡಿದೆ: ಅದೇ ಕಪ್ಪು ತುದಿ, ಅದೇ ಬಿಳಿ ಪಟ್ಟಿ. ಹಕ್ಕಿಯೇ ಮೋಸಹೋಗುವಾಗ ಮೊಬೈಲ್ ಫೋಟೊ ನೋಡಿದ ನಾವು ತಪ್ಪುವುದು ಸಹಜ.

ನಂಟಿನ ಸುಳಿವು ಮರಿಹುಳುವಿನ ಊಟದಲ್ಲೂ ಇದೆ. ವಯೊಲಾ, ಪುರುಷರತ್ನ, ಪ್ಯಾಶನ್ ಫ್ರೂಟ್, ಫ್ಲಕೋರ್ಷಿಯ ಎಲ್ಲವೂ ಸಸ್ಯಗಳ ಒಂದೇ ಗಣಕ್ಕೆ ಸೇರಿದವು. ಎಕ್ಕ ಆ ಗಣದ್ದಲ್ಲ.

ಹೆಸರು ತಪ್ಪಾದರೆ ಏನು ನಷ್ಟ?

ಬಯಲಿನ ಲೆಪರ್ಡನ್ನೇ ಫ್ರಿಟಿಲರಿ ಎಂದುಕೊಂಡರೆ, ಬೆಟ್ಟದ ಚಿಟ್ಟೆಯೂ ಎಲ್ಲೆಡೆ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಇಂಡಿಯನ್ ಫ್ರಿಟಿಲರಿಯ ಆಸ್ಟ್ರೇಲಿಯಾದ ಉಪಜಾತಿ, ವಯೊಲಾ ಬೆಳೆಯುವ ಜೌಗು ಜಾಗಗಳು ಹಾಳಾಗುತ್ತಾ ಬಂದಂತೆ ಅಳಿವಿನ ಅಂಚಿಗೆ ಬಂದಿದೆ. ಯಾವ ಚಿಟ್ಟೆ ಎಂದು ತಿಳಿದರೆ ಮಾತ್ರ ಯಾವ ಗಿಡ ಉಳಿಸಬೇಕು ಎಂಬುದು ತಿಳಿಯುತ್ತದೆ.

ಮುಂದಿನ ಸಲ ಫೋಟೊ ಹಾಕುವಾಗ ರೆಕ್ಕೆಯ ಮೇಲ್ಭಾಗದ ಜೊತೆ ಕೆಳಭಾಗವನ್ನೂ ತೆಗೆಯಿರಿ. ಊರಿನ ಹೆಸರು ಮತ್ತು ಚಿಟ್ಟೆ ಮೊಟ್ಟೆ ಇಡುತ್ತಿದ್ದ ಗಿಡ ಯಾವುದೆಂದು ಬರೆಯಿರಿ. ಆಗ ಹೆಸರು ಹೇಳುವವರಿಗೂ ಆಧಾರ ಸಿಗುತ್ತದೆ.